ಪಿಕಪ್‌ಗೆ ಲಿಫ್ಟ್ ಕಿಟ್: ಎತ್ತರದ ಲೆಕ್ಕಕ್ಕೂ ಮೊದಲು ತೂಕದ ಲೆಕ್ಕ

ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಸೆಟ್) ಹಾಕಿಸಿದ ಮಾತ್ರಕ್ಕೆ ಪಿಕಪ್‌ನ ಹಿಂದಿನ ಕ್ರೌನ್ ಹೌಸಿಂಗ್ (ಆಕ್ಸಲ್ ನಡುವಿನ ಉಬ್ಬಿದ ಗೇರು ಡಬ್ಬಿ) ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಸ್ಪ್ರಿಂಗ್ ಕೂತಿರುವುದು ಆಕ್ಸಲ್ ಮೇಲೆ, ಆಕ್ಸಲ್ ಕೂತಿರುವುದು ಟೈರಿನ ಮೇಲೆ. ಸ್ಪ್ರಿಂಗ್ ಬದಲಾಯಿಸಿದರೆ ಏಳುವುದು ಚಾಸಿ, ಬಾಡಿ, ಡೀಸೆಲ್ ಟ್ಯಾಂಕ್, ಬಂಪರ್. ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡಿನ ನಡುವೆ ಎದ್ದು ನಿಂತ ದಿಣ್ಣೆಗೆ ಕ್ರೌನ್ ಉಜ್ಜುತ್ತಿದೆ ಅನ್ನುವುದೇ ನಿಮ್ಮ ದೂರಾದರೆ, ಸ್ಪ್ರಿಂಗಿಗೆ ಹಣ ಹಾಕಿ ಪ್ರಯೋಜನವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ದೊಡ್ಡ ಟೈರ್ ಮಾತ್ರ.

ಹಾಗಾದರೆ ಲಿಫ್ಟ್‌ನಿಂದ ಸಿಗುವುದೇನು? ಹಳ್ಳಕ್ಕೆ ಇಳಿಯುವಾಗ ಮುಂದಿನ ಬಂಪರ್ ನೆಲ ಉಜ್ಜುವುದಿಲ್ಲ, ಹತ್ತುವಾಗ ಬಾಲ ತಾಗುವುದಿಲ್ಲ, ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಕೂರುವುದು ಕಮ್ಮಿಯಾಗುತ್ತೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡರ ವೀಲ್‌ಬೇಸೂ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಸುಮಾರು 3.1 ಮೀಟರ್. ಇಷ್ಟು ಉದ್ದದ ಗಾಡಿಯನ್ನು 40 ಮಿ.ಮೀ. ಏರಿಸಿದರೆ ಹೊಟ್ಟೆ ತಾಗುವ ಕೋನದಲ್ಲಿ ಸುಮಾರು 3 ಡಿಗ್ರಿ ಲಾಭ. ಕೇಳಲು ಕಮ್ಮಿ ಅನಿಸಬಹುದು, ಆದರೆ ತೋಟದ ಮೋರಿ ದಾಟುವಾಗ ಸೈಡ್ ಸ್ಟೆಪ್ ಉಳಿಯುವುದೂ ಮುರಿಯುವುದೂ ಈ 3 ಡಿಗ್ರಿಯಲ್ಲೇ. ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆಬೇರೆಯಾಗಿ ಏರಿಳಿಯುವ ಜೋಡಣೆ) ಇರುವುದರಿಂದ ಅಲ್ಲಿ ಡಿಫರೆನ್ಷಿಯಲ್ (ಹಿಂದಿನ ಕ್ರೌನಿನಂಥದ್ದೇ ಗೇರು ಡಬ್ಬಿ) ಚಾಸಿಗೇ ಬೋಲ್ಟ್ ಆಗಿದೆ. ಹಾಗಾಗಿ ಮುಂದಿನ ಭಾಗ ನಿಜಕ್ಕೂ ನೆಲದಿಂದ ಮೇಲೇಳುತ್ತೆ. ಹಿಂದೆ ಆ ಭಾಗ್ಯ ಇಲ್ಲ.

ಟೈರಿನ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಮೊದಲ ವಿ-ಕ್ರಾಸ್‌ಗಳಲ್ಲಿ ಬರುತ್ತಿದ್ದ 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ. ಅದನ್ನು ತೆಗೆದು 265/70 ಆರ್16 ಹಾಕಿದರೆ 777. ವ್ಯಾಸ 28 ಹೆಚ್ಚಿತು ಅಂದರೆ ಕ್ರೌನ್ ಏರುವುದು ಅದರ ಅರ್ಧ, 14 ಮಿ.ಮೀ. ಜೊತೆಗೆ ಗೇರಿಂಗ್ ಶೇ 3.7ರಷ್ಟು ಉದ್ದವಾಗುತ್ತೆ. ಮೀಟರ್ ಮೊದಲು ಕರೆಕ್ಟಾಗಿದ್ದರೆ, ಇನ್ನು ಮುಂದೆ 80 ತೋರಿಸುವಾಗ ನೀವು 83ರಲ್ಲಿ ಇರುತ್ತೀರಿ. ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ ಲೈನರಿಗೆ, ಬಾಡಿ ಮೌಂಟಿನ ಹತ್ತಿರದ ಅಂಚಿಗೆ ಉಜ್ಜಲು ಶುರು. ಲಿಫ್ಟ್ ಮಾಡಿದರೆ ಉಜ್ಜುವುದಿಲ್ಲ ಅನ್ನುವುದು ಅರ್ಧ ಸತ್ಯ. ಹೊಂಡದಲ್ಲಿ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಚಕ್ರ ಹಳೇ ಜಾಗಕ್ಕೇ ಬಂದು ನಿಲ್ಲುತ್ತೆ.

ವೇ ಬ್ರಿಡ್ಜಿಗೆ ಹೋಗಿ

ಕಿಟ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಇಂಚು?" ಅಂತ. ಕೇಳಬೇಕಾದ್ದು "ಎಷ್ಟು ಕಿಲೋಗೆ?" ಅಂತ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಡಾಬಿನ್ಸನ್ಸ್, ಟಫ್ ಡಾಗ್ ಇವೆಲ್ಲ ಆಸ್ಟ್ರೇಲಿಯಾದ ಹೆಸರುಗಳು. ಒಂದೇ ಗಾಡಿಗೆ, ಒಂದೇ 40–50 ಮಿ.ಮೀ. ಎತ್ತರಕ್ಕೆ, ಹಲವು ಗಡಸುತನದ ಸ್ಪ್ರಿಂಗ್ ಮಾಡುತ್ತಾರೆ. ಮುಂದಿನ ಕಾಯಿಲ್‌ನಲ್ಲಿ (ಸುರುಳಿ ಸ್ಪ್ರಿಂಗ್) ಒಂದು ಮಾಮೂಲಿ ಬಂಪರಿಗೆ, ಇನ್ನೊಂದು ಸ್ಟೀಲ್ ಬಂಪರಿಗೆ, ಮತ್ತೊಂದು ಬಂಪರ್ ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಎರಡೂ ಇದ್ದರೆ. ಹಿಂದಿನ ಲೀಫ್‌ನಲ್ಲಿ (ಪಟ್ಟಿ ಸ್ಪ್ರಿಂಗ್) ಖಾಲಿ ಓಡಾಟಕ್ಕೆ ಒಂದು, ಸದಾ 200–300 ಕಿಲೋ ಇರುವ ಗಾಡಿಗೆ ಒಂದು, ಅದಕ್ಕಿಂತ ಭಾರಕ್ಕೆ ಇನ್ನೊಂದು.

ಇಲ್ಲಿ ನೋಡಬೇಕಾದ್ದು ಸದಾ ಇರುವ ಭಾರ. ವರ್ಷಕ್ಕೆ ನಾಲ್ಕು ಸಲ ಕಾಫಿ ಮೂಟೆ ಹೇರುವ ಗಾಡಿಗೆ 500 ಕಿಲೋದ ಲೀಫ್ ಹಾಕಿಸಿದರೆ ಉಳಿದ ದಿನವೆಲ್ಲ ಹಿಂದಿನ ಸೀಟಿನವರ ಸೊಂಟ ಹೋಗುತ್ತೆ. ಖಾಲಿ ಗಾಡಿಯಲ್ಲಿ ಲೀಫ್ ಬಾಗುವುದೇ ಇಲ್ಲ, ಹಿಂದಿನ ಟೈರ್ ಗುಂಡಿ ಮೇಲೆ ಕುಪ್ಪಳಿಸುತ್ತೆ, ಒದ್ದೆ ಘಾಟಿನ ತಿರುವಿನಲ್ಲಿ ಹಿಡಿತ ತಪ್ಪುತ್ತೆ. ಮೂಟೆ ಹೇರುವ ಆ ನಾಲ್ಕು ದಿನಕ್ಕೆ, ಆರ್‌ಸಿಯಲ್ಲಿ ಬರೆದ ಭಾರದ ಮಿತಿಯೊಳಗೇ ಇರುವುದಾದರೆ, ಮಧ್ಯಮ ಲೀಫೇ ಸಾಕು. ಹಿಂಬದಿ ಸ್ವಲ್ಪ ಕೂರುತ್ತೆ, ಕೂರಲಿ.

ಅಂದಾಜಿನ ಬದಲು ವೇ ಬ್ರಿಡ್ಜಿಗೆ ಹೋಗಿ. ಕಾಫಿ, ಅಡಿಕೆ ವ್ಯಾಪಾರ ಇರುವ ಯಾವ ಊರಲ್ಲೂ ಅದು ಸಿಗುತ್ತೆ. ಟ್ಯಾಂಕ್ ತುಂಬಿಸಿ, ಗಾಡಿಯಲ್ಲಿ ಸಾಮಾನ್ಯವಾಗಿ ಇರುವುದೆಲ್ಲ ಇಟ್ಟುಕೊಂಡು ಹೋಗಿ. ಮೊದಲು ಪೂರ್ತಿ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಆಮೇಲೆ ಹಿಂದಿನದು ಮಾತ್ರ. ಮೂರು ಚೀಟಿ ಬರೆಸಿಕೊಳ್ಳಿ. ಮುಂದಿನದೂ ಹಿಂದಿನದೂ ಕೂಡಿಸಿದ್ದು ಪೂರ್ತಿಯ ಹತ್ತಿರ ಬಂದರೆ ತೂಕ ಸರಿಯಿದೆ. ಇನ್ನು ಮುಂದೆ ಸೇರಿಸಬೇಕೆಂದಿರುವುದನ್ನು ಕಾಗದದ ಮೇಲೆ ಕೂಡಿಸಿ: ವಿಂಚ್ ಅಂದರೆ 35–40 ಕಿಲೋ, ಸ್ಟೀಲ್ ಹಗ್ಗದ ಬದಲು ಸಿಂಥೆಟಿಕ್ ಹಗ್ಗವಾದರೆ ಸ್ವಲ್ಪ ಹಗುರ. ಹಿಂದಿನ ಡೆಕ್ ಮುಚ್ಚುವ ಫೈಬರ್ ಕ್ಯಾನೊಪಿ 50 ಕಿಲೋ ದಾಟುತ್ತೆ. 20 ಲೀಟರ್ ಡೀಸೆಲ್ ಕ್ಯಾನ್ ತುಂಬಿದ್ದರೆ 20 ಕಿಲೋದ ಹತ್ತಿರ. ಈ ಹಾಳೆ ಕೈಯಲ್ಲಿದ್ದರೆ ಅಂಗಡಿಯವನು ಸ್ಟಾಕ್ ಇರುವ ಸ್ಪ್ರಿಂಗನ್ನು ನಿಮಗೆ ದಾಟಿಸುವುದು ಕಷ್ಟ.

ಮುಂದೆ ಹಾಕುವ ಸ್ಟೀಲ್ ಗಾರ್ಡ್, ಅಂದರೆ ಬುಲ್ ಬಾರ್ ಬಗ್ಗೆ ಇಲ್ಲೇ ಒಂದು ಮಾತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಮುಂದೆ ಬುಲ್ ಬಾರ್ ಹಾಕಿಸುತ್ತೇನೆ ಅಂತ ಈಗಲೇ ಗಡಸು ಕಾಯಿಲ್ ಹಾಕಿಸಿಕೊಂಡು, ಆಮೇಲೆ ಬಾರ್ ಹಾಕದೇ ಇರುವವರ ಗಾಡಿಗಳ ಮೂತಿ ಆಕಾಶ ನೋಡುತ್ತಿರುತ್ತೆ.

ಮುಂದೆ ಏರಿಸುವ ಮೂರು ದಾರಿ

ಅತಿ ಅಗ್ಗದ್ದು ಸ್ಟ್ರಟ್ (ಕಾಯಿಲ್, ಶಾಕ್ ಎರಡೂ ಒಂದಾದ ಜೋಡಣೆ) ಮೇಲೆ ಕೂರುವ ಸ್ಪೇಸರ್, ಅಂದರೆ ದಪ್ಪ ಬಿಲ್ಲೆ. ಸ್ಟ್ರಟ್ ಕೆಳಗಿನ ಆರ್ಮ್‌ನ ತುದಿಗಲ್ಲ, ನಡುವಿಗೆ ಕೂತಿರುತ್ತೆ. ಹಾಗಾಗಿ 25 ಮಿ.ಮೀ. ಸ್ಪೇಸರ್ ಚಕ್ರದ ಹತ್ತಿರ 45–50 ಮಿ.ಮೀ. ಆಗಿ ಬರುತ್ತೆ. ಸಮಸ್ಯೆ ಏನೆಂದರೆ ಇಡೀ ಸ್ಟ್ರಟ್ ಅಷ್ಟು ಕೆಳಗೆ ಹೋಯಿತು. ಚಕ್ರ ಗಾಳಿಯಲ್ಲಿ ನೇತಾಡಿದಾಗ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಕೆಳಗೆ ಇಳಿಯುತ್ತೆ. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಸಿವಿ ಜಾಯಿಂಟ್, ಮೇಲಿನ ಬಾಲ್ ಜಾಯಿಂಟ್ ಎರಡೂ ತಮ್ಮ ಕೊನೇ ಕೋನಕ್ಕೆ ಹೋಗಿ ಎಳೆದುಕೊಳ್ಳುತ್ತವೆ. ಒತ್ತಿದಾಗ ಇನ್ನೊಂದು ತೊಂದರೆ: ಬಂಪ್ ಸ್ಟಾಪ್ (ಚಕ್ರ ಮೇಲೇರಿದಾಗ ಕೊನೆಗೆ ತಡೆಯುವ ರಬ್ಬರ್) ತಾಗುವ ಮುಂಚೆಯೇ ಶಾಕ್ ಒಳಗೆ ತಳ ಮುಟ್ಟಬಹುದು.

ಎರಡನೆಯದು ಹಳೇ ಶಾಕ್ ಉಳಿಸಿಕೊಂಡು ಉದ್ದದ ಅಥವಾ ಗಡಸು ಕಾಯಿಲ್ ಹಾಕುವುದು, ಇಲ್ಲವೇ ಕಾಯಿಲ್ ಕೆಳಗೆ ಪ್ಯಾಕಿಂಗ್ ಕೊಡುವುದು. ಇಲ್ಲಿ ಶಾಕ್‌ನ ಉದ್ದ ಅಷ್ಟೇ ಇರುವುದರಿಂದ ಏರಿಸಿದ ಅಷ್ಟೂ ಎತ್ತರ ಕೆಳಗಿನ ಚಲನೆಯಿಂದ ಕಿತ್ತುಕೊಂಡದ್ದು. ಹಂಪ್ ಇಳಿಯುವಾಗ ಮುಂದಿನಿಂದ "ಠಕ್" ಅನ್ನುವ ಸದ್ದು ಬಂದರೆ, ಶಾಕ್ ಪೂರ್ತಿ ಬಿಚ್ಚಿಕೊಂಡು ತನ್ನ ಕೊನೆಗೆ ಹೊಡೆಯುತ್ತಿದೆ ಅಂತ ಅರ್ಥ. ಗ್ಯಾರೇಜಿನಲ್ಲಿ ಇದನ್ನು ಸ್ಟೆಬಿಲೈಜರ್ ಲಿಂಕ್ ಅಂತ ತಿಳಿದು ಲಿಂಕ್ ಬದಲಾಯಿಸಿ ಕಳಿಸುವುದು ಮಾಮೂಲು. ಸದ್ದು ಅಲ್ಲೇ ಇರುತ್ತೆ.

ಮೂರನೆಯದು ಆ ಎತ್ತರಕ್ಕೆಂದೇ ಮಾಡಿದ ಶಾಕ್ ಮತ್ತು ಕಾಯಿಲ್ ಒಟ್ಟಿಗೆ. ನಾಲ್ಕೂ ಚಕ್ರಕ್ಕೆ ಮಜೂರಿ ಸೇರಿ ಲಕ್ಷದ ಮೇಲೆ ಹೋಗುತ್ತೆ. ದುಡ್ಡಿಲ್ಲದಿದ್ದರೆ ಸ್ಪೇಸರ್ ಹಾಕಿಸಿಕೊಳ್ಳುವುದಕ್ಕಿಂತ ಕಂಪನಿ ಸಸ್ಪೆನ್ಷನ್ ಉಳಿಸಿಕೊಂಡು ಒಳ್ಳೇ ಆಲ್ ಟೆರೇನ್ ಟೈರ್ ಹಾಕಿಸುವುದೇ ಲೇಸು. ಮಳೆಗಾಲದ ಕೆಸರಲ್ಲಿ ಗಾಡಿ ನಿಲ್ಲುವುದು ಹೆಚ್ಚಾಗಿ ಟೈರ್ ಜಾರಿದ್ದಕ್ಕೆ, ಎತ್ತರ ಕಮ್ಮಿಯಾದದ್ದಕ್ಕಲ್ಲ.

ಶಾಕ್ ಯಾವುದು ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಲೆನಾಡಿನ ನಿಧಾನದ ಏರಿಳಿತಕ್ಕೆ ಮಾಮೂಲಿ ನೈಟ್ರೋಜನ್ ಟ್ವಿನ್ ಟ್ಯೂಬ್ ಧಾರಾಳ. ಫೋಮ್ ಸೆಲ್, ಹೊರಗೆ ಡಬ್ಬಿ ಇರುವ ರಿಸರ್ವಾಯರ್ ಶಾಕ್ ಇವೆಲ್ಲ ಗಂಟೆಗಟ್ಟಲೆ ಒರಟು ರಸ್ತೆಯಲ್ಲಿ ವೇಗವಾಗಿ ಓಡಿ ಎಣ್ಣೆ ಕಾಯುವ ಕಡೆಗೆ. ಲಡಾಖ್, ಸ್ಪಿತಿ ಯೋಚನೆ ಇದ್ದರೆ ಆ ಮಾತು ಬೇರೆ.

ಎತ್ತರ ಎಷ್ಟು ಅಂದರೆ 40. ಹೆಚ್ಚೆಂದರೆ 50 ಮಿ.ಮೀ. ಅದರಾಚೆ ಹೋದರೆ ಮೇಲಿನ ಕಂಟ್ರೋಲ್ ಆರ್ಮ್ ಬೇರೆಯದೇ ಬೇಕು, ಮುಂದಿನ ಡಿಫರೆನ್ಷಿಯಲನ್ನು ಸುಮಾರು 25 ಮಿ.ಮೀ. ಕೆಳಗಿಳಿಸುವ ಡಿಫ್ ಡ್ರಾಪ್ ಬೇಕು, ಬ್ರೇಕ್ ಹೋಸ್ ಉದ್ದ ಮಾಡಬೇಕು. ಈ ಗಾಡಿಗಳಿಗೆ ಮುಂದೆ ಲಾಕಿಂಗ್ ಹಬ್ (ಚಕ್ರದಿಂದ ಶಾಫ್ಟನ್ನು ಬಿಡಿಸುವ ಸಾಧನ) ಇಲ್ಲ, ಹಾಗಾಗಿ 2ಎಚ್‌ನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ) ಬಿ.ಸಿ. ರೋಡಿಗೆ ಹೋಗಿ ಬರುವಾಗಲೂ ಸಿವಿ ಜಾಯಿಂಟ್ ಆ ಬಾಗಿದ ಕೋನದಲ್ಲೇ ತಿರುಗುತ್ತಿರುತ್ತೆ. ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುವುದು ಆಫ್‌ರೋಡಿಂಗ್‌ನಿಂದಲ್ಲ, ಹೈವೇಯಿಂದ.

ಹಿಂದೆ: ಬ್ಲಾಕ್ ಬೇಡ

ಆಕ್ಸಲ್‌ಗೂ ಲೀಫ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಏರಿಸುವುದು ಸುಲಭ. ಆದರೆ ಏರಿನಲ್ಲಿ ಲೋ ಗೇರ್ ಹಾಕಿ ಎಳೆದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತೆ, ಬ್ಲಾಕ್ ಆ ತಿರುಚುವಿಕೆಗೆ ಮೀಟುಗೋಲಾಗುತ್ತೆ. ಲೀಫ್ ಎಸ್ ಆಕಾರಕ್ಕೆ ಬಾಗಿ ಹಿಂದಿನ ಚಕ್ರ ದಡದಡ ಕುಣಿಯುತ್ತೆ. ಲೀಫ್‌ನ ತುದಿಯನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಉದ್ದದ್ದು ಹಾಕಿದರೆ ಸಿಗುವ ಎತ್ತರ ಹೆಚ್ಚಿಸಿದ ಉದ್ದದ ಅರ್ಧ ಮಾತ್ರ, ಜೊತೆಗೆ ಪಿನಿಯನ್‌ನ (ಶಾಫ್ಟ್ ಬಂದು ಸೇರುವ ಕ್ರೌನಿನ ಗೇರು) ಮೂತಿಯ ಕೋನವೂ ಬದಲಾಗುತ್ತೆ. ಲೀಫ್ ಕಟ್ಟಿಗೆ ಒಂದು ಪಟ್ಟಿ ಸೇರಿಸುವುದು ಊರಿನ ಗ್ಯಾರೇಜಲ್ಲೇ ಆಗುತ್ತೆ, ಕೂತುಹೋದ ಹಳೇ ಲೀಫಿಗೆ ಅದು ಪರವಾಗಿಲ್ಲ. ಆದರೆ ಸವಾರಿ ಗಡುಸಾಗುತ್ತೆ. ಹೊಸ ಗಾಡಿಗೆ ಹೊಸ ಲೀಫ್ ಕಟ್ಟೇ ಸರಿ.

ಕಂಪನಿಯಿಂದ ಬರುವಾಗ ಪಿಕಪ್‌ನ ಹಿಂಭಾಗ ಮುಂಭಾಗಕ್ಕಿಂತ ಎತ್ತರ ಇರುತ್ತೆ, ಭಾರ ಹೇರಿದಾಗ ಸಮ ಆಗಲಿ ಅಂತ. ಅದನ್ನು ಪೂರ್ತಿ ಸಮ ಮಾಡಿಸಿದರೆ ಖಾಲಿ ಇದ್ದಾಗ ಚೆನ್ನಾಗಿ ಕಾಣುತ್ತೆ, ಮೂಟೆ ಹಾಕಿದ ದಿನ ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಹಿಂದೆ 15–20 ಮಿ.ಮೀ. ಎತ್ತರ ಉಳಿಸಿಕೊಳ್ಳಿ.

ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಬಿಚ್ಚುವ ಮುಂಚೆ ನಾಲ್ಕೂ ಕಡೆ ಅಳತೆ ತೆಗೆದು ಬರೆದಿಡಿ. ನೆಲದಿಂದ ಅಲ್ಲ, ಹಬ್‌ನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ. ಹಾಗೆ ಅಳೆದರೆ ಟೈರಿನ ಗಾಳಿ, ಟೈರಿನ ಸೈಜು ಲೆಕ್ಕಕ್ಕೆ ಬರುವುದಿಲ್ಲ. ಎಡಕ್ಕೂ ಬಲಕ್ಕೂ ಮೊದಲೇ ನಾಲ್ಕಾರು ಮಿ.ಮೀ. ವ್ಯತ್ಯಾಸ ಇರಬಹುದು. ಅದನ್ನು ಈಗಲೇ ನೋಡದಿದ್ದರೆ ಆಮೇಲೆ ಕಿಟ್ ಮೇಲೆ ಜಗಳ. ಕೆಲವು ಕಿಟ್‌ಗಳಲ್ಲಿ ಎಡದ ಕಾಯಿಲ್ ಬೇರೆ, ಬಲದ್ದು ಬೇರೆ. ಡಬ್ಬಿ ಮೇಲಿನ ನಂಬರ್ ಓದಿ, ಅದಲುಬದಲಾದರೆ ಗಾಡಿ ಒಂದು ಕಡೆ ವಾಲುತ್ತೆ.

ಕಾಯಿಲ್ ಒತ್ತಲು ಸರಿಯಾದ ಪ್ರೆಸ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಕೈಯಲ್ಲಿ ಹಿಡಿಯುವ ಕೊಕ್ಕೆಯ ಕಂಪ್ರೆಸರ್ ಈ ಗಾತ್ರದ ಕಾಯಿಲ್ ಮೇಲೆ ಜಾರಿದರೆ ಪ್ರಾಣಕ್ಕೇ ಕುತ್ತು.

ಇನ್ನು ಬುಷ್. ಇದೊಂದು ತಪ್ಪು ನಮ್ಮ ಗ್ಯಾರೇಜುಗಳಲ್ಲಿ ಬಹಳ ನಡೆಯುತ್ತೆ. ಲೀಫ್‌ನ ಕಣ್ಣಿನಲ್ಲಿ, ಕೆಳಗಿನ ಆರ್ಮ್‌ನ ಬುಡದಲ್ಲಿ ಇರುವ ರಬ್ಬರ್ ಬುಷ್‌ಗೆ ಒಳಗೊಂದು ಕಬ್ಬಿಣದ ಕೊಳವೆ ಇರುತ್ತೆ. ಬೋಲ್ಟ್ ಟೈಟ್ ಮಾಡಿದಾಗ ಆ ಕೊಳವೆ ಬ್ರ್ಯಾಕೆಟ್‌ಗೆ ಕಚ್ಚಿಕೊಳ್ಳುತ್ತೆ, ಆಮೇಲೆ ತಿರುಗುವುದಿಲ್ಲ. ಚಲನೆಯೆಲ್ಲ ರಬ್ಬರ್ ತಿರುಚಿಕೊಂಡೇ ಆಗಬೇಕು. ಗಾಡಿ ಜಾಕ್ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತೆ. ಕೆಲವೇ ತಿಂಗಳಲ್ಲಿ ಹರಿಯುತ್ತೆ, ಕಿರುಗುಡುತ್ತೆ. ಅಲ್ಲಿವರೆಗೆ ಗಾಡಿಯನ್ನು ಸ್ವಲ್ಪ ಮೇಲೆ ತಳ್ಳಿ ಹಿಡಿದು ಸುಳ್ಳು ಎತ್ತರವನ್ನೂ ತೋರಿಸುತ್ತಿರುತ್ತೆ. ಸರಿಯಾದ ಕ್ರಮ: ಎಲ್ಲ ಬೋಲ್ಟ್ ಕೈಬಿಗಿಗೆ ಬಿಟ್ಟು, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಹಿಂದೆ ಮುಂದೆ ಸ್ವಲ್ಪ ಓಡಿಸಿ, ಬಂಪರ್ ಹಿಡಿದು ಕುಲುಕಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯುವುದು. ಪಿಟ್ ಇರುವ ಗ್ಯಾರೇಜ್ ಆದರೆ ಇದು ಸುಲಭ. ಕಿಟ್ ಜೊತೆ ಪಾಲಿಯುರೆಥೇನ್ ಬುಷ್ ಬಂದಿದ್ದರೆ ಈ ತಿರುಚುವ ತೊಂದರೆ ಇಲ್ಲ, ಬದಲಿಗೆ ಗ್ರೀಸ್ ಕೇಳುತ್ತೆ.

ಲೀಫನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹಳೆಯದನ್ನು ಮತ್ತೆ ಬಳಸಬಾರದು. ಒಮ್ಮೆ ಬಿಗಿದಾಗ ಅದು ಎಳೆದುಕೊಂಡಿರುತ್ತೆ, ಎರಡನೇ ಸಲ ಹಿಡಿತ ನಿಲ್ಲುವುದಿಲ್ಲ. ನಾಲ್ಕು ನಟ್‌ಗಳನ್ನು ಅಡ್ಡಡ್ಡಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಲೀಫ್ ಕಟ್ಟಿನ ನಡುವಿನ ಬೋಲ್ಟ್ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಕೂತಿದೆಯೇ ಅಂತ ಬಿಗಿಯುವ ಮುಂಚೆ ಬೆರಳು ಹಾಕಿ ನೋಡಿ. ಕೂರದಿದ್ದರೆ ಆಕ್ಸಲ್ ಓರೆಯಾಗಿ ಗಾಡಿ ಅಡ್ಡ ನಡೆಯುತ್ತೆ.

ಕೊನೆಗೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೇತಾಡುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಹಿಂದಿನ ಆಕ್ಸಲ್‌ನ ಬ್ರೀದರ್ ಪೈಪ್ ಬಿಗಿಯಾಗಿ ಎಳೆದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹಿಂದಿನ ಆಕ್ಸಲ್‌ಗೆ ಸರಳಿನಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ಬ್ರೇಕ್ ವಾಲ್ವ್ ಇರುವ ಗಾಡಿಯಾದರೆ, ಆ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಇಲ್ಲದಿದ್ದರೆ ಗಾಡಿ ಸದಾ ಖಾಲಿ ಇದೆ ಅಂದುಕೊಂಡು ವಾಲ್ವ್ ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತೆ, ಭಾರ ಹೇರಿಕೊಂಡು ಶಿರಾಡಿ ಇಳಿಯುವಾಗ ಗೊತ್ತಾಗುತ್ತೆ.

ಅಲೈನ್‌ಮೆಂಟ್ ಅದೇ ದಿನ. ಬರೀ ಟೋ (ಮೇಲಿಂದ ನೋಡಿದಾಗ ಚಕ್ರಗಳ ಒಳ-ಹೊರ ಓರೆ) ಹೊಂದಿಸಿ ಕಳಿಸುವ ಅಂಗಡಿ ಸಾಲದು. ಲಿಫ್ಟ್ ಆದಮೇಲೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಬದಲಾಗುತ್ತೆ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷದ ವಾಲು) ಕಮ್ಮಿಯಾಗುತ್ತೆ. ಎರಡನ್ನೂ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ನಲ್ಲಿ ಸರಿಮಾಡಬೇಕು. ಹಳೇ ಗಾಡಿಯಲ್ಲಿ ಈ ಬೋಲ್ಟ್‌ಗಳು ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿರುತ್ತವೆ, ಒಂದು ವಾರ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕ್ಯಾಸ್ಟರ್ ಸಾಲದಿದ್ದರೆ ತಿರುವಿನಿಂದ ಹೊರಬಂದಾಗ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಆಚೀಚೆ ಅಲೆಯುತ್ತೆ. ಮೊದಲಿನ ಮತ್ತು ಆಮೇಲಿನ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಸ್ಟೀರಿಂಗ್ ಓರೆ ಉಳಿದರೆ ಇಎಸ್‌ಸಿ (ಗಾಡಿ ಜಾರದಂತೆ ಕಾಯುವ ವ್ಯವಸ್ಥೆ) ದೀಪ ಹೊತ್ತಿಕೊಳ್ಳಬಹುದು, ಆಗ ಸ್ಟೀರಿಂಗ್ ಆಂಗಲ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತರಬೇಕು. ಹೆಡ್‌ಲೈಟ್ ತಗ್ಗಿಸುವುದನ್ನು ಯಾರೂ ನೆನಪಿಸುವುದಿಲ್ಲ, ನೀವೇ ಹೇಳಿ ಮಾಡಿಸಿ.

ಆಮೇಲಿನ ದಿನಗಳು

500 ಕಿ.ಮೀ. ಆದಾಗ ಯು-ಬೋಲ್ಟ್, ಶ್ಯಾಕಲ್, ಶಾಕ್ ಬೋಲ್ಟ್ ಎಲ್ಲಕ್ಕೂ ಮತ್ತೆ ಟಾರ್ಕ್ ರೆಂಚ್. 1,000 ಕಿ.ಮೀ. ಸುಮಾರಿಗೆ ಸ್ಪ್ರಿಂಗ್ 5–10 ಮಿ.ಮೀ. ಕೂತಿರುತ್ತೆ, ಆಗ ಇನ್ನೊಮ್ಮೆ ಅಲೈನ್‌ಮೆಂಟ್. ನಡುವೆ ಒಂದು ಬೋಲ್ಟ್ ಸಡಿಲಾದರೂ ಅದರ ಸದ್ದು ಕೇಳಿ ಇಡೀ ಕಿಟ್ಟನ್ನೇ ಬೈಯುವವರು ಇದ್ದಾರೆ.

30–40ರ ವೇಗಕ್ಕೆ ಎತ್ತುವಾಗ ನೆಲದಡಿಯಿಂದ ಗುಂಯ್ ಅಂತ ನಡುಕ ಬಂದರೆ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನೋಡಿ. ಈ ಗಾಡಿಗಳದ್ದು ಎರಡು ತುಂಡಿನ ಶಾಫ್ಟ್, ನಡುವೆ ಸೆಂಟರ್ ಬೇರಿಂಗ್. ಹಿಂಭಾಗ ಏರಿದಾಗ ಅಲ್ಲಿನ ಕೋನ ಹೆಚ್ಚುತ್ತೆ. ಬೇರಿಂಗ್ ಬ್ರ್ಯಾಕೆಟ್ಟನ್ನು 10–15 ಮಿ.ಮೀ. ಕೆಳಗಿಳಿಸುವ ಪ್ಯಾಕಿಂಗ್ ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ಲೀಫ್ ಕೆಳಗೆ 2 ಡಿಗ್ರಿ ಓರೆ ಪಟ್ಟಿ. ಅದನ್ನು ಬಿಟ್ಟು ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ ದುಡ್ಡು ಕಳೆಯಬೇಡಿ.

ಶಾಕ್ ರಾಡ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಕೆಳಗಿನ ಸೀಲ್‌ವರೆಗೆ ತಳ್ಳಿಡಿ. ಒಂದು ವಾರ ಓಡಿಸಿದ ಮೇಲೆ ಅದು ಎಲ್ಲಿಗೆ ಹೋಗಿ ನಿಂತಿದೆ ನೋಡಿದರೆ ಸಸ್ಪೆನ್ಷನ್ ಎಷ್ಟು ಒತ್ತಿದೆ ಅಂತ ಗೊತ್ತಾಗುತ್ತೆ. ಗುಂಡಿ ರಸ್ತೆಯಲ್ಲಿ ಓಡಿಸಿದರೂ ಅರ್ಧದಷ್ಟೂ ಸರಿದಿಲ್ಲ ಅಂದರೆ ನಿಮ್ಮ ಭಾರಕ್ಕೆ ಸ್ಪ್ರಿಂಗ್ ಗಡುಸು.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಹಿಡಿದು ಸಿವಿ ಬೂಟ್ ನೋಡಿ. ರಿಮ್‌ನ ಒಳಭಾಗದಲ್ಲಿ, ಆರ್ಮ್ ಮೇಲೆ ಕಪ್ಪು ಗ್ರೀಸ್ ಎರಚಿದ ಗೆರೆ ಇದ್ದರೆ ಬೂಟ್ ಹರಿದಿದೆ. ಆ ದಿನವೇ ಸರಿಮಾಡಿಸಿದರೆ ಬೂಟ್, ಗ್ರೀಸ್, ಕ್ಲಿಪ್‌ನಲ್ಲಿ ಮುಗಿಯುತ್ತೆ. ಕೆಂಪು ಮಣ್ಣು ಒಳಗೆ ಹೋಗಿ, ತಿರುಗಿಸುವಾಗ ಟಕಟಕ ಅನ್ನುವ ಹೊತ್ತಿಗೆ ಇಡೀ ಜಾಯಿಂಟೇ ಹೊಸದು. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ನೇರ ಬೂಟಿಗೆ, ಹಬ್ ಸೀಲಿಗೆ ಹಿಡಿಯಬೇಡ ಅಂತ ಹೇಳಿ. ಲೀಫ್ ಪಟ್ಟಿಗಳ ನಡುವಿನ ಕೆಸರು ಮಾತ್ರ ಚೆನ್ನಾಗಿ ತೊಳೆಯಲಿ. ಕಿರುಗುಟ್ಟಿತು ಅಂತ ಹಳೇ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿ ಬೇಡ: ರಬ್ಬರ್ ಉಬ್ಬುತ್ತೆ, ಧೂಳು ಅಂಟುತ್ತೆ.

ಓಡಿಸುವುದೂ ಬದಲಾಗುತ್ತೆ. ಗುರುತ್ವ ಕೇಂದ್ರ ಮೇಲೆ ಹೋಗಿರುವುದರಿಂದ ಹೇರ್‌ಪಿನ್‌ನಲ್ಲಿ ವಾಲುವಿಕೆ ಹೆಚ್ಚು. ಒಳ್ಳೇ ಶಾಕ್ ಅದನ್ನು ಮುಚ್ಚಿಡುತ್ತೆ, ಇಲ್ಲವಾಗಿಸುವುದಿಲ್ಲ. ಮೂಟೆ ಹೇರುವವರಿಗೆ 50 ಕಿಲೋ ಚೀಲವನ್ನು ಪ್ರತಿ ಸಲ ಎರಡು ಮೂರು ಬೆರಳು ಹೆಚ್ಚು ಎತ್ತಬೇಕು, ಅದು ದಿನದ ಕೊನೆಗೆ ಲೆಕ್ಕಕ್ಕೆ ಬರುತ್ತೆ. ಮನೆಯ ಅಜ್ಜ ಅಜ್ಜಿಗೆ ಕ್ಯಾಬಿನ್ ಹತ್ತಲು ಇನ್ನೂ ಕೆಳಗಿನ ಮೆಟ್ಟಿಲು ಬೇಕಾಗಬಹುದು. ಬೆಂಗಳೂರಿನ ಮಾಲ್ ಬೇಸ್‌ಮೆಂಟಿಗೆ ಹೋಗುವುದಿದ್ದರೆ ಹೊಸ ಎತ್ತರವನ್ನು ರೂಫ್ ಕ್ಯಾರಿಯರ್ ಸಮೇತ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ.

ಕಾನೂನಿನ ವಿಷಯ ಮುಚ್ಚಿಡುವಂಥದ್ದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಅನ್ನುತ್ತೆ. ಬದಲಾವಣೆ ತಿಳಿಸದಿದ್ದರೆ ಅಪಘಾತದ ನಂತರ ಇನ್ಶೂರೆನ್ಸ್ ಕ್ಲೇಮಿಗೆ ತಕರಾರು ಬರಬಹುದು, ಸಸ್ಪೆನ್ಷನ್‌ಗೆ ಸಂಬಂಧಿಸಿದ ವಾರಂಟಿಯೂ ಹೋಗಬಹುದು. ಹಾಕಿಸುವ ಮುಂಚೆಯೇ ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಬರವಣಿಗೆಯಲ್ಲಿ ಕೇಳಿ.

ಕಳಚಿದ ಕಂಪನಿ ಸ್ಟ್ರಟ್, ಲೀಫ್, ಶಾಕ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಎಡ, ಬಲ ಅಂತ ಪೇಂಟಲ್ಲಿ ಬರೆದು, ಬೋಲ್ಟ್‌ಗಳನ್ನು ಡಬ್ಬಿಯಲ್ಲಿ ಹಾಕಿ, ಲೀಫಿಗೆ ತುಕ್ಕು ಹಿಡಿಯದಂತೆ ಪೇಂಟ್ ಹೊಡೆದು ಗೋಡೌನಿನಲ್ಲಿಡಿ. ಆರ್‌ಸಿ ನವೀಕರಣಕ್ಕೆ ಹೋಗುವಾಗಲೋ ಗಾಡಿ ಮಾರುವಾಗಲೋ ಅವನ್ನೇ ವಾಪಸ್ ಹಾಕಬೇಕಾಗುತ್ತೆ, ಮತ್ತು ಕಿಟ್ಟನ್ನು ಬೇರೆಯಾಗಿ ಮಾರಿದರೆ ಗಾಡಿಯ ಜೊತೆ ಕೊಟ್ಟಿದ್ದಕ್ಕಿಂತ ಒಳ್ಳೇ ಬೆಲೆ ಬರುತ್ತೆ. ಯು-ಬೋಲ್ಟ್ ಮಾತ್ರ ಆಗಲೂ ಹೊಸದೇ ತರಬೇಕು.